ಹೊಟ್ಟೆಯಡಿಯ ಚಕ್ರ

ಹಡಗಿನ ಹೊಟ್ಟೆಯಡಿ ಒಂದು ಲಾರಿ ಚಕ್ರವಿದೆ.
ಅದು ಮೇಲೆದ್ದು ಉಜ್ಜಿದರೆ ಹಡಗು ಹೋಗುತ್ತದೆ,
ಕೆಳಗಿಳಿದರೆ ತನ್ನಷ್ಟಕ್ಕೆ ಬರುತ್ತದೆ.
ಇಷ್ಟೇ ಗುಟ್ಟು.
ಮೂರು ವರ್ಷದಲ್ಲಿ ಯಾರೂ ಕೇಳಲಿಲ್ಲ,
ನಾನೂ ಹೇಳಲಿಲ್ಲ.

ದಮ್ಮಾಮಿನ ಕಡಲಂಚಿನಲ್ಲಿ
ಇಶಾ ನಮಾಜು ಮುಗಿದ ಮೇಲೆ ನನ್ನ ಹಗಲು.
ಮೊದಲು ಚಕ್ರ ಒರೆಸಬೇಕು: ಮರಳು ಕೂತರೆ ಜಾರುತ್ತದೆ,
ಆಗಸ್ಟಿನ ಬೆವರುಗಾಳಿ ಕೂತರೆ ಇನ್ನೂ ಜಾರುತ್ತದೆ.
ಆಮೇಲೆ ತೊಡೆಗೆ ಅಡ್ಡ ಬರುವ ಸರಳುಗಳು.
ಹನ್ನೆರಡನ್ನೂ ಎಳೆದೆಳೆದು ನೋಡುತ್ತೇನೆ,
ಬಲೆಯ ಗಂಟು ನೋಡಿದ ಹಾಗೆ. ಆ ಬೆರಳು ಇನ್ನೂ ಮರೆತಿಲ್ಲ.

ಮೂತಿಯಲ್ಲಿ ಒಕ್ಕಣ್ಣಿನ ಕಡಲ್ಗಳ್ಳ, ಫೈಬರಿನವನು.
ಈದ್ ಬಂದಾಗಲೆಲ್ಲ ಅವನ ಮೂಗಿಗೆ ಹೊಸ ಬಣ್ಣ,
ನನಗೊಂದು ಹೊಸ ಟೀಶರ್ಟು.

ಕೋಡೇರಿಯಿಂದ ಅಪ್ಪಯ್ಯ ಫೋನಿನಲ್ಲಿ,
ಹಿಂದೆ ದೋಣಿ ಎಂಜಿನ್ನಿನ ಸದ್ದು:
‘ಎಷ್ಟ್ ದೂರ ಹೋತ್ತಾ ನಿನ್ ಹಡಗ್?’
‘ಹೋಪುದಿಲ್ಲೆ ಅಪ್ಪಯ್ಯ. ತೂಗುದ್ ಮಾತ್ರ.’
‘ಹಂಗಾರೆ ತೊಟ್ಲ್ ಅಂದ್ ಹೇಳ್.’
ಅವರು ತಾಂಡೇಲರು. ಮುಂದೆ ಮಾತಿಲ್ಲ.

ಸಿಟ್ಟಿಗೆ ಒಂದು ರಾತ್ರಿ ಲೆಕ್ಕ ಹಾಕಿದೆ.
ಒಂದು ತೂಗಿಗೆ ಇಪ್ಪತ್ತೈದು ಮೀಟರು,
ಟಿಕೇಟಿಗೆ ಮೂವತ್ತು ತೂಗು, ರಾತ್ರಿಗೆ ನಲವತ್ತು ಸಲ.
ಮೂವತ್ತು ಕಿಲೋಮೀಟರು!
ಮೂರು ತಿಂಗಳಿಗೊಮ್ಮೆ ಕೋಡೇರಿ ಮುಟ್ಟುತ್ತೇನೆ,
ಯಾರೂ ಹಗ್ಗ ಹಿಡಿಯಲು ಬರುವುದಿಲ್ಲ.

ಜೂದ್ ಎಂಬ ಹುಡುಗಿ ಗುರುವಾರ ಗುರುವಾರ
ಅಜ್ಜನ ಬಿಳಿ ತೋಪಿನ ಚುಂಗು ಹಿಡಿದು ಬರುತ್ತಾಳೆ.
ನೂರಿಪ್ಪತ್ತು ಸೆಂಟಿಮೀಟರಿನ ಗೆರೆಗೆ
ಎರಡು ಬೆರಳು ಕಮ್ಮಿ.
ಹಿಮ್ಮಡಿ ಎತ್ತುತ್ತಾಳೆ. ನಾನು ಅವಳ ಚಪ್ಪಲಿ ನೋಡುತ್ತೇನೆ.
ಅವಳು ಹಿಮ್ಮಡಿ ಇಳಿಸುತ್ತಾಳೆ.
‘ಬುಕ್ರಾ’ ಅನ್ನುತ್ತೇನೆ, ನಾಳೆ.
ಗೇಣುದ್ದದ ಸುಳ್ಳು. ಅಜ್ಜನಿಗೂ ಗೊತ್ತು.

ಮೊನ್ನೆ ಮರಳುಗಾಳಿ. ಪಾರ್ಕು ಮುಚ್ಚಿ
ದೀಪಗಳೆಲ್ಲ ಹಳದಿ ಹೊಗೆಯೊಳಗೆ.
ಗಾಳಿ ಕೊಂಚ ಇಳಿದ ಮೇಲೆ ಬಾರಿಸಾಲಿನ ಶಫೀಕುಲ್ ಅಂದ:
‘ಓನರ್ ಇಲ್ಲ, ಅಬು ತುರ್ಕಿ ಇಲ್ಲ. ಕೂತ್ಕೋ ಭಾಯ್, ಇವತ್ತು ನಾನು ಎಳೀತೀನಿ.’
ಕೊನೆಯ ಸಾಲಿನಲ್ಲಿ ಕೂತೆ. ಸರಳು ನಾನೇ ಎಳೆದು ನೋಡಿದೆ.

ಹಿಂದೆ ಹೋದರೆ ಕಾರುಗಳಿಲ್ಲದ ಕಾರು ಬಯಲು.
ಮುಂದೆ ಹೋದರೆ ಕಡಲು ಕಾಲ್ಬೆರಳ ಸಂದಿಯಲ್ಲಿ,
ದೂರದ ಟ್ಯಾಂಕರುಗಳು ಕಲ್ಲಿನಂತೆ ಕೂತಿವೆ.
ಏಳನೆಯದೋ ಎಂಟನೆಯದೋ ತೂಗಿಗೆ, ತುತ್ತತುದಿಯಲ್ಲಿ,
ಹೋಗುವುದು ಮುಗಿದು ಬರುವುದು ಶುರುವಾಗದ ಆ ಚೂರು ಹೊತ್ತಿನಲ್ಲಿ,
ಜೇಬಿನಿಂದ ನನ್ನ ಇಕಾಮ ತಾನಾಗಿ ಮೇಲೆದ್ದಿತು.
ಮುಖದೆದುರು ನಿಂತಿತು.
ಹೆಸರು, ಕಫೀಲ, ಮುಗಿಯುವ ತಾರೀಖು,
ಯಾವುದಕ್ಕೂ ತೂಕವಿಲ್ಲ.

ಹಿಡಿಯಬೇಕಿತ್ತು. ನೋಡುತ್ತ ಉಳಿದೆ.

ಆಮೇಲೆ ತಾಂಡೇಲರ ಮಗ
ಮಧ್ಯಾಹ್ನದ ಮೀನುಸಾರನ್ನು ಕಡಲ್ಗಳ್ಳನ ಬೆನ್ನಿಗೆ ಕಕ್ಕಿದ.
ಶಫೀಕುಲ್ ನಕ್ಕು ನಕ್ಕು ಕೆಮ್ಮಿದ.
ಇಬ್ಬರೂ ಟಾರ್ಚು ಹಿಡಿದು ಗುಂಡಿಗಿಳಿದೆವು.
ಸಿಕ್ಕಿತು. ಕೆಳಗಿಳಿದ ಚಕ್ರ
ತಿರುಗುತ್ತಲೇ ಅದರ ಮೇಲೆ ಕೂತಿತ್ತು.

ಜವಾಜಾತಿನ ಕಿಟಕಿಯಲ್ಲಿ ಆ ಹುಡುಗ
ಫೋಟೋದ ಹಣೆಯಿಂದ ಗದ್ದಕ್ಕೆ ಎಳೆದ ಕಪ್ಪು ಪಟ್ಟಿ ತೋರಿಸಿ
ಇದೇನೆಂದ.
‘ಸಫೀನಾ’ ಅಂದೆ. ಹಡಗು.
ಅವನು ನಗಲಿಲ್ಲ.
ಹೆಬ್ಬೆರಳು ಉಗುಳಲ್ಲಿ ಅದ್ದಿ ಒರೆಸಿ ನೋಡಿದ,
ನಾನು ಚಕ್ರ ಒರೆಸುವ ಹಾಗೇ,
ಇನ್ನೊಂದು ಸಲ ಒರೆಸಿದ.